ಅರ್ಧ ಬೆರಳಿನ ಅಂಚು

ಅವನನ್ನು ಎಲ್ಲರೂ ತಗಡಣ್ಣ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಇತ್ತು, ಆದರೆ ಅದು ಯಾರಿಗೂ ಬೇಕಾಗಿರಲಿಲ್ಲ. ಮೊದಲು ಬಕೆಟ್ಟು, ಆಲಿಕೆ, ನೀರಿನ ಟ್ಯಾಂಕಿನ ಮುಚ್ಚಳ ಮಾಡಿಕೊಂಡಿದ್ದ. ಆಮೇಲೆ ದೋಣಿ ಕಾರ್ಖಾನೆ ಸೇರಿದ. ಅಲ್ಲೇ ತಲೆ ನರೆಯಿತು. ಸತ್ತದ್ದೂ ಅಲ್ಲಿಯ ದೋಣಿಯಲ್ಲೇ.

ಹೆಂಡತಿಯನ್ನು ಟೈಲರಮ್ಮ ಅನ್ನುತ್ತಿದ್ದರು. ಅದೇ ಕಾರ್ಖಾನೆಯಲ್ಲಿ, ಕಿಟಕಿ ಪಕ್ಕ, ಅವಳ ಹೊಲಿಗೆ ಮಿಷನ್ನು. ದೋಣಿಯ ಸೀಟಿಗೆ ರೆಕ್ಸಿನ್ ಹೊಲಿಯುವುದು, ಮುಚ್ಚಲು ಕ್ಯಾನ್ವಾಸ್ ಹೊಲಿಯುವುದು ಅವಳ ಕೆಲಸ. ಆ ಮೂಲೆಯಲ್ಲಿ ಅವನ ಸುತ್ತಿಗೆ, ಈ ಮೂಲೆಯಲ್ಲಿ ಇವಳ ಮಿಷನ್ನು. ಮದುವೆಗೆ ಮುಂಚೆ ಆರು ತಿಂಗಳು ಇಬ್ಬರೂ ಜಗಳ ಆಡಿದ್ದು ಸದ್ದಿನ ವಿಷಯಕ್ಕೆ. ನಿನ್ನ ಮಿಷನ್ನು ಕಿವಿ ಕೊರೆಯುತ್ತೆ ಅಂತ ಅವನು. ನಿನ್ನ ಸುತ್ತಿಗೆಗೆ ನನ್ನ ಸೂಜಿ ಬೆಚ್ಚಿ ಬೀಳುತ್ತೆ ಅಂತ ಇವಳು. ಯಜಮಾನರಿಗೆ ರೋಸಿಹೋಯಿತು. ಇಬ್ಬರೂ ಮದುವೆ ಮಾಡಿಕೊಂಡು ಜಗಳ ಮನೇಲಿ ಇಟ್ಟುಕೊಳ್ಳಿ, ಇಲ್ಲಿ ಕೆಲಸ ಮಾಡಿ ಅಂದರು. ಬೈಗುಳವೇ ಸಂಬಂಧ ಕುದುರಿಸಿತು.

ಅವನು ಮಾಡುತ್ತಿದ್ದದ್ದು ಟ್ಯಾಬು. ಪೂರ್ತಿ ಹೆಸರು ಟ್ರಿಮ್ ಟ್ಯಾಬ್. ವೇಗದ ದೋಣಿಯ ಹಿಂಗೋಡೆಯ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ಕೀಲು ಹಾಕಿ ಕೂರಿಸಿದ ಎರಡು ಸ್ಟೀಲ್ ತಗಡು. ಕಸ ಎತ್ತುವ ಮೊರಕ್ಕಿಂತ ದೊಡ್ಡದಲ್ಲ. ಸ್ಟೇರಿಂಗ್ ಹತ್ತಿರ ಗುಂಡಿ ಇರುತ್ತೆ. ಒತ್ತಿದರೆ ತಗಡು ಕೆಳಕ್ಕೆ ಬಾಗುತ್ತೆ. ನೀರು ಅದನ್ನು ಮೇಲಕ್ಕೆ ದೂಡುತ್ತೆ. ದೋಣಿಯ ಹಿಂಭಾಗ ಏಳುತ್ತೆ, ಮೂಗು ಇಳಿಯುತ್ತೆ. ಹೊರಡುವಾಗ ಮೂಗು ಕುದುರೆ ಹಾಗೆ ಎದ್ದು ನಿಲ್ಲುತ್ತಲ್ಲ, ಅದನ್ನು ಇಳಿಸುವುದು ಇದೇ. ಓಡುವಾಗ ಮೂಗು ಕುಟ್ಟಿದ ಹಾಗೆ ಮೇಲೆ ಕೆಳಗೆ ಕುಣಿದರೆ ಅದನ್ನು ನಿಲ್ಲಿಸುವುದೂ ಇದೇ.

ಇವಳಿಗೆ ಅದನ್ನು ಅವನು ತಿಳಿಸಿದ್ದು ಬಸ್ಸಿನಲ್ಲಿ. ಮದುವೆಯಾದ ಹೊಸತು. ಕಿಟಕಿಯಿಂದ ಕೈ ಹೊರಗೆ ಚಾಚಿಸಿ, ಅಂಗೈ ಓರೆ ಮಾಡು ಅಂದ. ಬಸ್ಸು ನಿಧಾನವಾಗಿತ್ತು, ಏನೂ ಆಗಲಿಲ್ಲ. ವೇಗ ಹಿಡಿದ ಮೇಲೆ ಅಷ್ಟೇ ಓರೆ ಮಾಡು ಅಂದ. ಕೈ ಕಿತ್ತುಕೊಂಡು ಹೋದ ಹಾಗೆ ಮೇಲಕ್ಕೆ ಹಾರಿತು, ಬಳೆ ಕಿಟಕಿಗೆ ಬಡಿದು ಒಡೆಯಿತು. ಕಂಡಕ್ಟರ್ ಇಬ್ಬರಿಗೂ ಬೈದ. ಅವನು ಬೈಸಿಕೊಳ್ಳುತ್ತಲೇ ಹೇಳಿದ: ತಗಡಿನ ಗುಟ್ಟು ಇಷ್ಟೇ ಕಣೆ, ನಿಧಾನಕ್ಕೆ ದೊಡ್ಡ ಅಂಗೈ, ವೇಗಕ್ಕೆ ಚಿಕ್ಕ ಅಂಗೈ.

ಬೇರೆ ಕಡೆ ದೊಡ್ಡ ತಗಡು ಹಾಕುತ್ತಿದ್ದರು. ದೊಡ್ಡದಾದರೆ ದೋಣಿ ಬೇಗ ನೀರಿನ ಮೇಲೆ ಏಳುತ್ತೆ, ಕೊಳ್ಳುವವನಿಗೆ ಖುಷಿ. ಅವನು ಚಿಕ್ಕದೇ ಹಾಕುತ್ತಿದ್ದ. ನೀರಿನ ಒತ್ತಡಕ್ಕೆ ಸೊಟ್ಟಗಾಗದ ಹಾಗೆ ದಪ್ಪ ತಗಡು, ಹಿಂದಿನ ಅಂಚು ಚೂಪು, ಹೊರಗಿನ ಮೂಲೆ ದುಂಡು. ದೋಣಿಯ ಪಕ್ಕದಂಚಿನಿಂದ ಮೂರು ಬೆರಳು ಒಳಗೆ. ಅದಕ್ಕಿಂತ ಆಚೆ ಬಂದರೆ ತಿರುವಿನಲ್ಲಿ ಮೂಲೆ ನೀರು ಕಚ್ಚುತ್ತೆ ಅನ್ನುತ್ತಿದ್ದ. ವೇಗದಲ್ಲಿ ಮೂಗು ಜಾಸ್ತಿ ಇಳಿದರೆ ನೀರಿಗೆ ಚುಚ್ಚಿಕೊಳ್ಳುತ್ತೆ, ಹಿಂಭಾಗ ಬೀಸಿ ಬರುತ್ತೆ, ಒಳಗಿದ್ದವರು ಹೊರಗೆ. ಇದನ್ನು ಅವನು ನೂರು ಸಲ ಹೇಳಿದ್ದ. ಹೇಳಿದವನಿಗೇ ಆಯಿತು.

ಅವನ ಕೈಗೆ ಲೋಹ ಬಗ್ಗುತ್ತಿತ್ತು, ಕಾಗದ ಬಗ್ಗುತ್ತಿರಲಿಲ್ಲ. ಪ್ರತಿ ದೋಣಿಯ ಹಿಂಭಾಗಕ್ಕೂ ಅಳತೆ ಬೇರೆ. ಹಾಗಾಗಿ ಕಂದು ಕಾಗದದಲ್ಲಿ ಅಚ್ಚು ಕತ್ತರಿಸಿಕೊಡುತ್ತಿದ್ದವಳು ಇವಳು. ದೋಣಿಯ ಕೆಳಗೆ ಮಲಗಿ, ಕಾಗದ ಒತ್ತಿ ಹಿಡಿದು, ಪೆನ್ಸಿಲ್ಲಲ್ಲಿ ಗೆರೆ ಎಳೆಯುವಳು. ಕತ್ತರಿ ಮಾತ್ರ ಗೆರೆಯ ಮೇಲೆ ಓಡುತ್ತಿರಲಿಲ್ಲ. ಸುತ್ತಲೂ ಅರ್ಧ ಬೆರಳಗಲ ಬಿಟ್ಟೇ ಓಡುತ್ತಿತ್ತು. ಬಟ್ಟೆ ಹೊಲಿದ ಕೈ. ಹೊಲಿಗೆಗೆ ಅಂಚು ಬಿಡದೆ ಕತ್ತರಿಸು ಅಂದರೆ ಆ ಕೈಗೆ ಆಗದು. ಮೊದಲ ಸಲ ಅವನು ನೋಡಿ, ಏನೇ ಇದು, ತಗಡಿಗೂ ಒಳಮಡಿಕೆನಾ, ನಾಳೆ ದಪ್ಪ ಆದರೆ ಬಿಚ್ಚಿ ಹೊಲಿಯೋದಕ್ಕಾ ಅಂತ ನಕ್ಕ. ಇವಳು ತಿದ್ದಿಕೊಳ್ಳಲು ಹೋದಳು, ಕೆಟ್ಟಿತು. ಬೇಡ ಬಿಡು, ನಿನ್ನ ಕೈ ನಿನಗೆ ಅಂದ. ಅಂದಿನಿಂದ ಕಾಗದವನ್ನು ತಗಡಿನ ಮೇಲೆ ಹಾಸಿ, ಒಳಗಿನ ಪೆನ್ಸಿಲ್ ಗೆರೆಯ ಮೇಲೆ ಚೂಪು ಮೊಳೆ ಒತ್ತಿ ಎಳೆಯುತ್ತಿದ್ದ. ಕಾಗದ ಹರಿದು ಗೀರು ತಗಡಿಗೆ ಬೀಳುತ್ತಿತ್ತು. ಗೀರಿನ ಮೇಲೆ ಕತ್ತರಿಸುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಗಂಡ ಹೆಂಡಿರ ನಡುವಿನ ಮಾತು, ಮೂರನೆಯವರಿಗೆ ಗೊತ್ತಿರಲಿಲ್ಲ. ಹೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಆ ವರ್ಷ ರೇಸಿಗೆ ಎರಡು ದೋಣಿ ಬೇಕು ಅಂತ ಆರ್ಡರ್ ಬಂತು. ಒಂದೇ ಅಚ್ಚಿನ ಜೋಡಿ. ಯಜಮಾನರಿಗೆ ಕಾಲಡಿ ಬೆಂಕಿ. ಸೀಟು ತಡ, ಬಣ್ಣ ತಡ, ಎಲ್ಲ ತಡ. ತಡಕ್ಕೆಲ್ಲ ಕಾರಣ ಟೈಲರಮ್ಮ ಅಂತ ದಿನಕ್ಕೆರಡು ಸಲ ಕೂಗುತ್ತಿದ್ದರು. ಇನ್ನೊಂದು ತಪ್ಪು ಕಂಡರೆ ಮಿಷನ್ ಎತ್ತಿ ಹೊರಗಿಡುತ್ತೇನೆ ಅಂತ ಎಲ್ಲರ ಎದುರು ಅಂದರು. ತಗಡಣ್ಣ ತಲೆ ಬಗ್ಗಿಸಿ ಕೇಳಿಸಿಕೊಂಡ.

ಒಂದು ದಿನ ಅವನು ಆಚೆ ಶೆಡ್ಡಿನಲ್ಲಿ ಇಂಜಿನ್ ಕೂರಿಸುತ್ತಿದ್ದ. ಯಜಮಾನರು ಬಂದು ಟ್ಯಾಬಿನ ಕಾಗದ ಕೊಡಮ್ಮ, ತಗಡನ್ನು ಹೊರಗೆ ಮಿಷನ್ನಲ್ಲಿ ಕತ್ತರಿಸಿ ತರಿಸುತ್ತೇನೆ, ಒಂದು ಗಂಟೆ ಕೆಲಸ ಅಂದರು. ಅವಳ ಕಾಲು ಪೆಡಲಿನ ಮೇಲಿತ್ತು. ಕಾಗದ ಸುರುಳಿ ಸುತ್ತಿ ಕೊಟ್ಟಳು. ತಲೆ ಎತ್ತಲಿಲ್ಲ. ಒಳಗಿನ ಗೆರೆ ನೋಡಿ ಅಂತ ಹೇಳಲಿಲ್ಲ. ಸಂಜೆಗೆ ನಾಲ್ಕು ತಗಡು ಬಂತು, ಎರಡು ದೋಣಿಗೆ.

ಮಾರನೆಯ ದಿನ ತಗಡಣ್ಣ ಮೊದಲ ದೋಣಿಗೆ ಟ್ಯಾಬು ಕೂರಿಸಿದ. ಅವಳು ಕಿಟಕಿಯಿಂದ ನೋಡಿದಳು. ಒಂದು ತಗಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಇವಳ ಕಡೆ ನೋಡಿದ. ಯಜಮಾನರು ಅಲ್ಲೇ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಅವನು ಬಗ್ಗಿ ಬೋಲ್ಟು ಬಿಗಿದ.

ಆಮೇಲೆ ನೀರು ಕುಡಿಯಲು ಇವಳ ಹತ್ತಿರ ಬಂದ. ಏನಾಯ್ತು ಅಂತ ಕೇಳಿದಳು. ಏನಿಲ್ಲ ಅಂದ. ಲೋಟ ಇಟ್ಟು ಹೋಗುವಾಗ, ತನಗೇ ಹೇಳಿಕೊಂಡ ಹಾಗೆ ಅಂದ:

"ನಾಳೆ ಬೆರಳು ಹಗುರ ಇಟ್ಕೋಬೇಕು ಕಣೆ."

ಹೊಸ ಇಂಜಿನ್, ಅದಕ್ಕೇ ಹೀಗಂದ ಅಂತ ಅಂದುಕೊಂಡಳು.

ವೇಗದ ದೋಣಿಯಲ್ಲಿ ಇಬ್ಬರು ಕೂರುತ್ತಾರೆ. ಒಬ್ಬ ಸ್ಟೇರಿಂಗ್ ಹಿಡಿಯುತ್ತಾನೆ, ಅವನೇ ಡ್ರೈವರ್. ಇನ್ನೊಬ್ಬನ ಕೈಯಲ್ಲಿ ಇಂಜಿನ್ನಿನ ವೇಗ, ಟ್ಯಾಬಿನ ಗುಂಡಿ. ಪರೀಕ್ಷೆಗೆ ಹೋಗುವಾಗ ಗುಂಡಿ ಹಿಡಿಯುತ್ತಿದ್ದವನು ಯಾವಾಗಲೂ ತಗಡಣ್ಣನೇ. ಮರುದಿನ ಸಾಯಂಕಾಲ ನಾಲ್ಕು ಗಂಟೆಗೆ ಹೋದರು. ಅವಳು ಎರಡನೆಯ ದೋಣಿಯ ಸೀಟಿನ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಇಂಜಿನ್ನಿನ ಸದ್ದು ದೂರ ಹೋಯಿತು, ತಿರುಗಿತು, ಏರಿತು. ಆಮೇಲೆ ಕತ್ತರಿಸಿದ ಹಾಗೆ ನಿಂತಿತು. ಕತ್ತೆತ್ತಿ ನೋಡುವಷ್ಟರಲ್ಲಿ ಎಲ್ಲರೂ ದೋಣಿ ಇಳಿಸುವ ಕಟ್ಟೆ ಕಡೆ ಓಡುತ್ತಿದ್ದರು. ಡ್ರೈವರನಿಗೆ ಭುಜದ ಮೂಳೆ ಮುರಿಯಿತು. ತಗಡಣ್ಣನನ್ನು ಎತ್ತಿ ತಂದಾಗ ಕಾಲಲ್ಲಿ ಶೂ ಒಂದೇ ಇತ್ತು.

ಪೊಲೀಸರು ಬಂದು ಬರೆದುಕೊಂಡರು. ತಿರುವಿನಲ್ಲಿ ಗುಂಡಿ ಜಾಸ್ತಿ ಒತ್ತಿದ, ಮೂಗು ಚುಚ್ಚಿತು. ಯಜಮಾನರೂ ಹಾಗೇ ಹೇಳಿದರು. ಬೀದಿಯಲ್ಲಿ ಜನಕ್ಕೆ ಅಷ್ಟು ಸಾಕಾಯಿತು. ತಾನು ಮಾಡಿದ ತಗಡು ತನ್ನನ್ನೇ ತಿಂತು, ಮಾಡಿದ್ದುಣ್ಣೋ ಮಹಾರಾಯ ಅಂತ ಒಬ್ಬಳು ನಲ್ಲಿ ಹತ್ತಿರ ಅಂದಳು. ಟೈಲರಮ್ಮ ಕೊಡ ಅಲ್ಲೇ ಬಿಟ್ಟು ಬಂದಳು.

ಅವಳಿಗೆ ಮನೆ ವಾಲತೊಡಗಿತು. ಎಡಕ್ಕೆ. ಕುರ್ಚಿಯಲ್ಲಿ ಕೂತರೆ ಎಡಕ್ಕೆ ಜಾರಿದ ಹಾಗೆ. ಲೋಟದಲ್ಲಿ ನೀರು ಓರೆಯಾಗಿ ನಿಂತ ಹಾಗೆ. ಅವನ ಪೆಟ್ಟಿಗೆಯಿಂದ ಗುಳ್ಳೆಯ ಮಟ್ಟಗೋಲು ತೆಗೆದು ಮೇಜಿನ ಮೇಲಿಟ್ಟಳು. ಗುಳ್ಳೆ ನಟ್ಟನಡುವೆ ನಿಂತಿತು. ನೆಲದ ಮೇಲೆ, ಮಂಚದ ಮೇಲೆ, ಒಲೆ ಕಟ್ಟೆಯ ಮೇಲೆ ಇಟ್ಟಳು. ಎಲ್ಲ ಕಡೆ ನಡುವೆಯೇ. ಅವಳು ಗುಳ್ಳೆಯನ್ನು ನಂಬಲಿಲ್ಲ.

ನಾಲ್ಕು ಗಂಟೆಗೆ ಸದ್ದು ಬರುತ್ತಿತ್ತು. ಗುಂಡಿ ಒತ್ತಿದರೆ ಟ್ಯಾಬು ಬಗ್ಗಿಸುವ ಪಂಪು ಕುಂಯ್ ಅನ್ನುತ್ತಲ್ಲ, ಅದೇ. ಗೋಡೆಯೊಳಗಿಂದ. ಮೂರು ಸಲ, ಚಿಕ್ಕ ಚಿಕ್ಕದಾಗಿ. ಒಂದು ದಿನ ಬೆನ್ನ ಹಿಂದೆ ಅವನು ನಿಂತದ್ದು ಗೊತ್ತಾಯಿತು. ಒದ್ದೆ ಬಟ್ಟೆಯ ವಾಸನೆ, ಗ್ರೀಸಿನ ವಾಸನೆ. ತಿರುಗಲಿಲ್ಲ. ತಿರುಗಿದರೆ ಹೋಗುತ್ತಾನೆ ಅಂತ ಗೊತ್ತಿತ್ತು. ಏನ್ರೀ, ಏನು ಹೇಳಬೇಕು ಹೇಳಿ ಅಂದಳು. ಅವನು ಹೇಳಲಿಲ್ಲ. ಬದುಕಿದ್ದಾಗಲೂ ಹೇಳಬೇಕಾದ್ದು ಹೇಳಿದವನಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂತು ಗೋಡೆ ಕೇಳುವುದಕ್ಕಿಂತ ಮಿಷನ್ನು ಮೇಲು. ತಗಡಣ್ಣನ ಜಾಗಕ್ಕೆ ಅವನ ತಮ್ಮ ಬಂದಿದ್ದ. ಬೇರೆ ಕಡೆ ಗೇಟು ಗ್ರಿಲ್ಲು ವೆಲ್ಡಿಂಗ್ ಮಾಡುತ್ತಿದ್ದವನು, ಯಜಮಾನರು ಕರೆದರು, ಬಂದ. ಒಳ್ಳೆಯ ಹುಡುಗ, ಬಾಯಿ ಮಾತ್ರ ಮುಚ್ಚುವುದಿಲ್ಲ. ಎರಡನೆಯ ದೋಣಿಗೆ ಉಳಿದ ಎರಡು ಟ್ಯಾಬನ್ನು ಅವನೇ ಕೂರಿಸಿದ್ದ. ಅಂದು ನಾಲ್ಕು ಗಂಟೆಗೆ ಪರೀಕ್ಷೆ. ಮುಂದಿನ ವಾರ ರೇಸು. ಡ್ರೈವರನ ಭುಜ ಕೂಡಿತ್ತು. ಗುಂಡಿ ಹಿಡಿಯುವವನು ಮೈದುನ.

ಅವಳ ಮಿಷನ್ನಿನ ಪಕ್ಕ ಮೊಳೆಗೆ ಹಳೆಯ ಕಾಗದದ ಅಚ್ಚುಗಳು ನೇತಾಡುತ್ತಿದ್ದವು. ಧೂಳು ಕೊಡವಲು ತೆಗೆದಳು. ಒಂದೊಂದೇ ನೋಡಿದಳು. ಎಲ್ಲದರಲ್ಲೂ ಪೆನ್ಸಿಲ್ ಗೆರೆ ಹರಿದಿತ್ತು, ಅವನ ಮೊಳೆ ಓಡಿದ ಕಡೆ. ಮೇಲಿನದು ಹೊರಗೆ ಕತ್ತರಿಸಿದವರಿಂದ ವಾಪಸ್ಸು ಬಂದದ್ದು. ಅದರ ಗೆರೆ ಹರಿದಿರಲಿಲ್ಲ. ಎಳೆದ ದಿನ ಹೇಗಿತ್ತೋ ಹಾಗೇ ಇತ್ತು. ಕಾಗದದ ಹೊರ ಅಂಚಿಗೆ ಮಾತ್ರ ಸುತ್ತಲೂ ಕಪ್ಪು ಶಾಯಿ ಹತ್ತಿತ್ತು.

ಅವಳು ಎದ್ದು ಎರಡನೆಯ ದೋಣಿಯ ಹಿಂದೆ ಹೋದಳು. ಮೊಣಕಾಲೂರಿ ಕಾಗದವನ್ನು ಟ್ಯಾಬಿನ ಮೇಲಿಟ್ಟಳು. ಅಂಚಿಗೆ ಅಂಚು ಕೂತಿತು. ಆಮೇಲೆ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಮುರಿದು ಬಿದ್ದಿದ್ದ ಮೊದಲ ದೋಣಿ ಹತ್ತಿರ ಹೋದಳು. ಅಲ್ಲೂ ಕೂತಿತು. ಪಕ್ಕದಂಚಿನಿಂದ ಮೂರು ಬೆರಳಿಟ್ಟು ನೋಡಿದಳು. ಮೂರನೆಯ ಬೆರಳಿನ ಅರ್ಧ ತಗಡಿನ ಮೇಲಿತ್ತು.

ಟಾರ್ಪಾಲಿನ ಕೆಳಗೇ ಕೂತಳು. ಅವನು ಅಂದು ತಗಡು ಹಿಡಿದು ನಿಂತದ್ದು, ಇವಳ ಕಡೆ ನೋಡಿದ್ದು, ಯಜಮಾನರ ಎದುರು ತಲೆ ಬಗ್ಗಿಸಿದ್ದು ಎಲ್ಲ ಒಂದರ ಹಿಂದೆ ಒಂದು ಬಂತು. ಅವನಿಗೆ ಗೊತ್ತಿತ್ತು. ಅವನ ಹೆಬ್ಬೆರಳು ಕೂದಲೆಳೆ ಹೆಚ್ಚಾದರೂ ಹಿಡಿಯುತ್ತಿತ್ತು, ಅರ್ಧ ಬೆರಳು ಬಿಡುತ್ತಾ? ಬಾಯಿ ಬಿಟ್ಟರೆ ಹೆಂಡತಿಯ ಮಿಷನ್ನು ಬೀದಿಗೆ. ಅದಕ್ಕೆ ನುಂಗಿಕೊಂಡ. ಬೆರಳು ಹಗುರ ಇಟ್ಟರೆ ಆಯಿತು, ಬಂದ ಮೇಲೆ ಮೆಲ್ಲಗೆ ಉಜ್ಜಿ ಸರಿ ಮಾಡೋಣ ಅಂದುಕೊಂಡ. ಹೊರಡುವಾಗ ನೆನಪಿಟ್ಟು ಒತ್ತಿರಬೇಕು. ತಿರುವಿನಲ್ಲಿ ನೆನಪಿಗೆ ಎಲ್ಲಿ ಹೊತ್ತು? ಹನ್ನೊಂದು ವರ್ಷದ ಬೆರಳು ಚಿಕ್ಕ ತಗಡಿನ ಲೆಕ್ಕಕ್ಕೆ ಒತ್ತಿತು.

ಕಾಗದ ಅವಳ ಮಡಿಲಲ್ಲಿತ್ತು. ಅದನ್ನು ಒಲೆಗೆ ಹಾಕಿದರೆ ಮುಗಿಯಿತು. ಗಂಡ ಗುಂಡಿ ಜಾಸ್ತಿ ಒತ್ತಿದ ಅಂತ ಲೋಕ ಆಗಲೇ ಒಪ್ಪಿಕೊಂಡಿದೆ. ಆದರೆ ನಾಲ್ಕು ಗಂಟೆಗೆ ಅದೇ ಅಳತೆಯ ತಗಡಿನ ಮೇಲೆ ಅವನ ತಮ್ಮ ಹೋಗುತ್ತಾನೆ.

ಮೊದಲು ಸುಲಭದ ದಾರಿ ಹಿಡಿದಳು. ಮೈದುನನನ್ನು ಒಂಟಿಯಾಗಿ ಕರೆದು, ಇವತ್ತು ಬೇಡ ಕಣೋ, ಹೊಟ್ಟೆನೋವು ಅಂತ ಹೇಳಿ ತಪ್ಪಿಸಿಕೋ ಅಂದಳು. ಅವನು ನಕ್ಕ. ಅತ್ತಿಗೆ, ಸ್ಕೂಲಿಗೆ ಚಕ್ಕರ್ ಹೊಡೆಯೋ ವಯಸ್ಸಾ ನಂದು ಅಂದ. ಅವಳು ಕೈ ಬಿಡಲಿಲ್ಲ. ಆಗ ಅವನು ನಗು ನಿಲ್ಲಿಸಿ, ಸಮಾಧಾನ ಮಾಡುವವನ ಹಾಗೆ ಹೇಳಿದ:

"ಭಯ ಬಿಡಿ ಅತ್ತಿಗೆ. ಅಣ್ಣ ಅವತ್ತು ಗುಂಡಿ ಜಾಸ್ತಿ ಒತ್ತಿಬಿಟ್ರು. ನಾನು ಒತ್ತಲ್ಲ."

ಒಡಹುಟ್ಟಿದವನೂ ಅದನ್ನೇ ನಂಬಿದ್ದ. ಅವಳಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅವನ ತೋಳು ಹಿಡಿದು ಎಳೆದುಕೊಂಡೇ ಕಟ್ಟೆಗೆ ಹೋದಳು. ಯಜಮಾನರು ಇದ್ದರು, ಡ್ರೈವರ್ ಇದ್ದ. ಕೆಲಸದವರೆಲ್ಲ ದೋಣಿ ಇಳಿಸಲು ಹಗ್ಗ ಹಿಡಿದು ನಿಂತಿದ್ದರು. ಎಲ್ಲರ ಎದುರು ಕಾಗದ ಬಿಡಿಸಿ ಹಿಡಿದಳು.

"ಅವರು ಜಾಸ್ತಿ ಒತ್ತಲಿಲ್ಲ. ದಿನಾ ಒತ್ತಿದಷ್ಟೇ ಒತ್ತಿದ್ರು. ತಗಡು ದೊಡ್ಡದಿತ್ತು. ದೊಡ್ಡ ಮಾಡಿದ್ದು ನಾನು."

ಹೊಲಿಗೆಯ ಅಂಚು, ಪೆನ್ಸಿಲ್ ಗೆರೆ, ಅವನ ಮೊಳೆ, ಕಾಗದ ಕೊಡುವಾಗ ತಾನು ತಲೆ ಎತ್ತದೆ ಇದ್ದದ್ದು, ಎಲ್ಲ ಹೇಳಿದಳು. ಅಳಲಿಲ್ಲ. ಅಳೋಕೆ ಹೋದರೆ ಮಾತು ಮುಗಿಯುವುದಿಲ್ಲ ಅಂತ ಗೊತ್ತಿತ್ತು.

ಯಜಮಾನರ ಮುಖ ಕಪ್ಪಿಟ್ಟಿತು. ಕಾಗದ ಒಯ್ದವರು ಅವರೇ ತಾನೆ. ಅರ್ಧ ಬೆರಳಲ್ಲಿ ಏನಾಗುತ್ತೆ, ಅಂಗಿ ಹೊಲಿಯೋ ಮಾತು ಇಲ್ಲಿ ಆಡಬೇಡ ಅಂದರು. ಆಮೇಲೆ ದನಿ ಇಳಿಸಿದರು.

"ಇಷ್ಟು ದಿನ ಆದ್ಮೇಲೆ ಯಾಕಮ್ಮ ಕೆದಕ್ತೀಯ? ಹೋದವನು ಬರ್ತಾನಾ?"

"ಬರಲ್ಲ. ಇರೋನು ಹೋಗ್ತಾನೆ."

ಡ್ರೈವರ್ ಬಂದು ಕಾಗದ ತೆಗೆದುಕೊಂಡ. ಗೆರೆಗೂ ಅಂಚಿಗೂ ನಡುವೆ ತನ್ನ ಬೆರಳಿಟ್ಟು ನೋಡಿದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಒಂದು ಕಡೆ ಅರ್ಧ ಬೆರಳಲ್ಲ ಯಜಮಾನ್ರೇ, ಸುತ್ತಲೂ, ಎರಡು ತಗಡಿಗೂ ಅಂದ. ಹಿಂದಕ್ಕೆ ಉದ್ದ ಆದಷ್ಟೂ ನೀರಿಗೆ ಹಿಡಿತ ಜಾಸ್ತಿ. ಅವತ್ತು ಹೊರಡುವಾಗ ದೋಣಿ ಸಲೀಸಾಗಿ ಎದ್ದಿತ್ತಂತೆ, ಎಷ್ಟು ಚೆನ್ನಾಗಿದೆ ಅಂತ ಡ್ರೈವರೇ ಕೂಗಿದ್ದನಂತೆ. ತಗಡಣ್ಣ ನಕ್ಕಿರಲಿಲ್ಲ. ತಿರುವಿನಲ್ಲಿ ಮೂಗು ಇಳಿದದ್ದು ಇಳಿದೇ ಹೋಯಿತು, ಹೊರಮೂಲೆ ಯಾರೋ ಕೈ ಹಾಕಿ ಹಿಡಿದ ಹಾಗೆ ಕಚ್ಚಿತು. ಇದನ್ನೆಲ್ಲ ಹೇಳಿ, ಅವನು ಅವಳ ಮುಖ ನೋಡಿದ.

"ಅಕ್ಕಾ, ನಾನು ಎರಡು ತಿಂಗಳಿಂದ ಅವನನ್ನ ಬೈಕೊಂಡು ಮಲಗಿದೀನಿ."

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತಾನೂ ಬೈದುಕೊಂಡಿದ್ದಳು.

ಮೈದುನ ಹೋಗಿ ಎರಡೂ ಟ್ಯಾಬು ಬಿಚ್ಚಿ ತಂದ. ಕಾಗದ ಹಾಸಿದ. ಮೊಳೆ ಎಲ್ಲಿ ಇಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಅವಳು ಅವನ ಕೈ ಹಿಡಿದು ಪೆನ್ಸಿಲ್ ಗೆರೆಯ ಮೇಲೆ ಇಟ್ಟಳು. ಒತ್ತಿ ಎಳಿ ಅಂದಳು. ಕಾಗದ ಚರ್ ಅಂತ ಹರಿಯಿತು. ಎರಡನೆಯ ತಗಡಿಗೆ ಕಾಗದ ತಿರುಗಿಸಿ ಹಾಕಿ ಅದೇ ಹರಿದ ದಾರಿಯಲ್ಲಿ ಎಳೆದರು. ಕತ್ತರಿಸುವಾಗ ತಗಡಿನ ಇನ್ನೊಂದು ತುದಿ ಅವಳೇ ಹಿಡಿದಳು. ಅರ್ಧ ಬೆರಳಗಲದ ಸ್ಟೀಲ್ ಚೂರುಗಳು ನೆಲಕ್ಕೆ ಬಿದ್ದವು. ಅಂಚು ಉಜ್ಜಿದರು, ಹೊರಮೂಲೆ ದುಂಡು ಮಾಡಿದರು. ಮೂರು ಬೆರಳು ಬಿಟ್ಟು ಕೂರಿಸಿದರು. ಯಜಮಾನರು ಗಡಿಯಾರ ನೋಡಲಿಲ್ಲ.

ದೋಣಿ ನೀರಿಗೆ ಇಳಿದಾಗ ಐದಾಗಿತ್ತು.

ಅವಳು ಕಟ್ಟೆಯ ತುದಿಯಲ್ಲಿ ನಿಂತಳು. ಅದುವರೆಗೂ ಹೊಳೆಯದ ಒಂದು ಮಾತು ಆಗ ಹೊಳೆಯಿತು. ದೋಣಿ ಸರಿಯಾಗಿ ಓಡಲಿ, ಮೈದುನ ನಡೆದುಕೊಂಡು ಮನೆಗೆ ಬರಲಿ ಅಂತ ಅವಳು ಬೇಡಿಕೊಳ್ಳುತ್ತಿದ್ದಳು. ಆದರೆ ಸರಿಯಾಗಿ ಓಡಿದರೆ, ಅಂದು ಕೆಟ್ಟದ್ದು ಈ ಅರ್ಧ ಬೆರಳೇ ಅಂತಾಯಿತು. ಇಂಜಿನ್ನಲ್ಲ, ಗಾಳಿಯಲ್ಲ, ಅಲೆಯಲ್ಲ. ಓಡದೆ ಹೋದರೆ ತಪ್ಪು ತನ್ನ ಕೈಯದಲ್ಲ. ಓಡಿದರೆ ತನ್ನದೇ. ಹೀಗೆ ಎರಡು ಕಡೆಯಿಂದಲೂ ಹಗ್ಗ ಎಳೆದ ಹಾಗೆ ಆಯಿತು. ಓಡಲಿ ಅಂದಳು. ಗಟ್ಟಿಯಾಗಿಯೇ ಅಂದಳು. ಪಕ್ಕದಲ್ಲಿದ್ದವನು ತಿರುಗಿ ನೋಡಿದ.

ಮೂಗು ಎದ್ದಿತು. ಸ್ವಲ್ಪ ಹೊತ್ತು ಎದ್ದೇ ಇತ್ತು, ಮೊದಲ ದೋಣಿಯ ಬಗ್ಗೆ ಡ್ರೈವರ್ ಹೇಳಿದಷ್ಟು ಬೇಗ ಇಳಿಯಲಿಲ್ಲ. ಆಮೇಲೆ ಇಳಿದು ಮಟ್ಟವಾಯಿತು. ದೂರ ಹೋಯಿತು. ಎರಡು ಸಲ ಮೂಗು ಕುಣಿಯಿತು, ಮೈದುನ ಒತ್ತಿರಬೇಕು, ನಿಂತಿತು. ತಿರುವು ಬಂತು. ಅವಳು ಕಣ್ಣು ಮುಚ್ಚಲಿಲ್ಲ. ದೋಣಿ ಒಳಕ್ಕೆ ವಾಲಿತು, ನೀರು ಬೀಸಣಿಗೆ ಹಾಗೆ ಹಾರಿತು, ಮೂಗು ಎಲ್ಲಿತ್ತೋ ಅಲ್ಲೇ ನಿಂತಿತು. ನೂಲು ಹಿಡಿದು ಎಳೆದ ಹಾಗೆ ತಿರುಗಿ ನೇರವಾಯಿತು. ಇನ್ನೊಂದು ಸುತ್ತು. ಮತ್ತೊಂದು. ಪ್ರತಿ ಸುತ್ತಿಗೂ ವೇಗ ಹೆಚ್ಚು. ಹಗ್ಗ ಹಿಡಿದವರು ಚಪ್ಪಾಳೆ ಹೊಡೆದರು. ಯಜಮಾನರು ಒಳಗೆ ಹೋದರು.

ಮೈದುನ ಮೆಟ್ಟಿಲು ಹತ್ತಿ ಬಂದ. ಮೈಯೆಲ್ಲ ಒದ್ದೆ, ಮುಖದ ತುಂಬ ನಗು. ಓಡಿ ಬಂದು ಅವಳ ಎದುರು ನಿಂತ.

"ಹೇಗಿತ್ತು ಅತ್ತಿಗೆ?"

"ಸರಿಯಾಗಿತ್ತು" ಅಂದಳು.

ಅವನು ಮುಂದೆ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ದೋಣಿ ಸರಿಯಾಗಿ ಓಡಿದ್ದಕ್ಕೆ ಏನರ್ಥ ಅಂತ ಆಗ ಅವನಿಗೂ ಗೊತ್ತಾಯಿತು. ಬಾಯಿ ಮುಚ್ಚದವನು ಬಾಯಿ ಮುಚ್ಚಿದ. ಇಬ್ಬರೂ ಹಾಗೇ ನಿಂತರು, ಅವನ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಹರಿದು ಅವಳ ಕಾಲಿಗೆ ಬಂತು. ಅವಳು ಕಾಲು ಹಿಂದೆ ತೆಗೆಯಲಿಲ್ಲ.